ಡೀಸೆಲ್ ಪಿಕಪ್ ವಾಹನದ ದೋಷಸಂಕೇತಗಳು: ಓದುವ ಮತ್ತು ಪರೀಕ್ಷಿಸುವ ಕ್ರಮ

ಟೊಮ್ಯಾಟೊ, ಸೊಪ್ಪು, ಹೂವು ಮುಂತಾದ ಬೇಗ ಕೆಡುವ ಫಸಲನ್ನು ಮಾರುಕಟ್ಟೆಗೆ ಸಾಗಿಸಲು ಹಳ್ಳಿಗಳಲ್ಲಿ ಪಿಕಪ್ ವಾಹನವೇ ಮುಖ್ಯ ಆಧಾರವಾಗಿದೆ. ಕೋಲಾರದ ಮಾರುಕಟ್ಟೆಯ ಹರಾಜಿಗೆ ಹೊರಟ ಟೊಮ್ಯಾಟೊ ದಾರಿಯಲ್ಲೇ ನಿಂತರೆ ಆ ದಿನದ ಬೆಲೆ ಕೈತಪ್ಪುವುದಲ್ಲದೆ ಹಣ್ಣೂ ಮೆತ್ತಗಾಗುತ್ತದೆ. ಹಳೆಯ ವಾಹನ ಕೊಂಡ ರೈತರಿಗೆ ಈ ಭಯ ಹೆಚ್ಚು. ಎಂಜಿನ್ ದೀಪ ಹೊತ್ತಿಕೊಂಡಾಗ ಕಾರಣ ತಿಳಿಯದೆ ಒಂದರ ಮೇಲೊಂದು ಬಿಡಿಭಾಗ ಬದಲಾಯಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವುದೂ ಉಂಟು. ದೋಷಸಂಕೇತವನ್ನು ಸರಿಯಾಗಿ ಓದಲು ಕಲಿತರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಯಾವ ವಾಹನಗಳಲ್ಲಿ ಸಂಕೇತ ದೊರೆಯುತ್ತದೆ?

ಪೂರ್ಣವಾಗಿ ಯಾಂತ್ರಿಕ ಪಂಪಿನಿಂದ ನಡೆಯುವ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ದೋಷಸಂಕೇತ ಇರುವುದಿಲ್ಲ. ಕಾಮನ್ ರೈಲ್ ಪದ್ಧತಿಯ ಎಂಜಿನ್‌ಗಳಲ್ಲಿ ಇಂಧನವನ್ನು ಒಂದು ಸಣ್ಣ ಕಂಪ್ಯೂಟರ್ ನಿಯಂತ್ರಿಸುತ್ತದೆ. ಭಾರತ್ ಸ್ಟೇಜ್ 4 ನಿಯಮವು 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಅನ್ವಯವಾಯಿತು. 2020ರ ಏಪ್ರಿಲ್ 1ರಿಂದ ಸ್ಟೇಜ್ 6 ಬಂದಿತು. ಈಗ ಹಳೆಯ ವಾಹನಗಳಾಗಿ ಮಾರಾಟವಾಗುತ್ತಿರುವ ಸ್ಟೇಜ್ 4ರ ಪಿಕಪ್‌ಗಳಲ್ಲಿ ಸ್ಟಿಯರಿಂಗ್ ಕೆಳಭಾಗದಲ್ಲಿ ಸಾಮಾನ್ಯವಾಗಿ 16 ಪಿನ್‌ಗಳ ಸಾಕೆಟ್ ಇರುತ್ತದೆ. ಇದಕ್ಕೆ ಸ್ಕ್ಯಾನರ್ ಜೋಡಿಸಿದರೆ ಸಂಕೇತ ಕಾಣುತ್ತದೆ. ಕೆಲವು ವಾಹನಗಳಿಗೆ ಆಯಾ ತಯಾರಕರ ಸ್ಕ್ಯಾನರೇ ಬೇಕಾಗುತ್ತದೆ.

ಸಂಕೇತದ ಅರ್ಥ

ಸಂಕೇತದಲ್ಲಿ ಒಂದು ಅಕ್ಷರ, ನಾಲ್ಕು ಅಂಕಿಗಳಿರುತ್ತವೆ. 'ಪಿ' ಎಂದರೆ ಎಂಜಿನ್ ಮತ್ತು ಗೇರ್ ವಿಭಾಗ. ಮುಂದಿನ ಅಂಕಿ 0 ಆಗಿದ್ದರೆ ಎಲ್ಲ ತಯಾರಕರಿಗೂ ಒಂದೇ ಅರ್ಥ. 1 ಆಗಿದ್ದರೆ ಆ ತಯಾರಕರ ಕೈಪಿಡಿಯನ್ನೇ ನೋಡಬೇಕು.

ಸಂಕೇತವು ಕೆಟ್ಟ ಭಾಗದ ಹೆಸರಲ್ಲ ಎಂಬುದನ್ನು ಮುಖ್ಯವಾಗಿ ನೆನಪಿಡಬೇಕು. ಎಲೆ ಹಳದಿಯಾದ ಮಾತ್ರಕ್ಕೆ ಸಾರಜನಕದ ಕೊರತೆಯೆಂದು ಯೂರಿಯಾ ಹಾಕುವುದು ಸರಿಯಲ್ಲ. ನೀರು ನಿಂತಿರಬಹುದು, ಬೇರು ಕೊಳೆತಿರಬಹುದು. ಹಾಗೆಯೇ ಸಂಕೇತವು ಲಕ್ಷಣವನ್ನಷ್ಟೇ ತಿಳಿಸುತ್ತದೆ. ಕಾರಣವನ್ನು ಪರೀಕ್ಷೆಯಿಂದಲೇ ಕಂಡುಕೊಳ್ಳಬೇಕು.

ಮೊದಲು ಮಾಡಬೇಕಾದ ಕೆಲಸ

1. ಕಂಡ ಸಂಕೇತಗಳನ್ನೆಲ್ಲ ಕಾಗದದಲ್ಲಿ ಬರೆದುಕೊಳ್ಳಬೇಕು. ಬರೆದುಕೊಳ್ಳದೆ ಅಳಿಸಬಾರದು.

2. ಬ್ಯಾಟರಿ ಪರೀಕ್ಷಿಸಬೇಕು. ಎಂಜಿನ್ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್, ಎಂಜಿನ್ ನಡೆಯುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. ವೋಲ್ಟೇಜ್ ಕುಸಿದರೆ ಸಂಬಂಧವಿಲ್ಲದ ಹಲವು ಸಂಕೇತಗಳು ಒಟ್ಟಿಗೆ ಬರುತ್ತವೆ.

3. ಅರ್ತ್ ವೈರ್ ಬಿಗಿಯಾಗಿದೆಯೇ, ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ಕೊಟ್ಟಿಗೆಯಲ್ಲಿ ನಿಂತ ವಾಹನದ ವೈರುಗಳನ್ನು ಇಲಿ ಕಡಿದಿದೆಯೇ ಎಂದು ನೋಡಬೇಕು.

4. ಬಳಿಕ ಸಂಕೇತ ಅಳಿಸಿ, ವಾಹನವನ್ನು ಸ್ವಲ್ಪ ದೂರ ಓಡಿಸಿ, ಮತ್ತೆ ಓದಬೇಕು. ಮರಳಿ ಬಂದ ಸಂಕೇತದ ಮೇಲೆಯೇ ಗಮನವಿಡಬೇಕು.

ಸಾಮಾನ್ಯವಾಗಿ ಕಾಣುವ ಸಂಕೇತಗಳು

ಪಿ0087: ರೈಲಿನಲ್ಲಿ ಇಂಧನದ ಒತ್ತಡ ಕಡಿಮೆ. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ. ಪಂಪು ಕೆಟ್ಟಿದೆಯೆಂದು ಕೂಡಲೇ ತೀರ್ಮಾನಿಸಬಾರದು. ಮೊದಲು ಫಿಲ್ಟರ್‌ನ ತಳದಲ್ಲಿರುವ ನೀರನ್ನು ಬಸಿದು, ಫಿಲ್ಟರ್ ಹಳೆಯದಾಗಿದ್ದರೆ ಬದಲಾಯಿಸಬೇಕು. ಟ್ಯಾಂಕಿನಿಂದ ಬರುವ ಕೊಳವೆಯಲ್ಲಿ ಗಾಳಿ ಸೇರುತ್ತಿದೆಯೇ ನೋಡಬೇಕು. ಇವು ಸರಿಯಿದ್ದರೆ ಇಂಜೆಕ್ಟರ್‌ಗಳಿಂದ ಹಿಂದಿರುಗುವ ಡೀಸೆಲನ್ನು ಬೇರೆ ಬೇರೆ ಬಾಟಲಿಗಳಲ್ಲಿ ಹಿಡಿದು ಅಳೆಯಲು ಮೆಕ್ಯಾನಿಕ್‌ಗೆ ಹೇಳಬೇಕು. ಉಳಿದವುಗಳಿಗಿಂತ ಬಹಳ ಹೆಚ್ಚು ಹಿಂದಿರುಗಿಸುವ ಇಂಜೆಕ್ಟರ್ ಸವೆದಿರುತ್ತದೆ. ಆ ಒಂದನ್ನು ಸರಿಪಡಿಸಿದರೆ ಸಾಕಾಗಬಹುದು. ನಾಲ್ಕನ್ನೂ ಬದಲಾಯಿಸುವ ವೆಚ್ಚ ಉಳಿಯುತ್ತದೆ.

ಪಿ0299: ಟರ್ಬೊದ ಗಾಳಿಯ ಒತ್ತಡ ಸಾಲದು. ರಬ್ಬರ್ ಕೊಳವೆ ಬಿರಿದಿದೆಯೇ, ಕ್ಲಿಪ್ ಸಡಿಲವಾಗಿದೆಯೇ, ಗಾಳಿಯ ಫಿಲ್ಟರ್ ಧೂಳಿನಿಂದ ಮುಚ್ಚಿದೆಯೇ ಎಂದು ನೋಡಬೇಕು. ಕೊಳವೆಯ ಕೀಲಿನಲ್ಲಿ ಎಣ್ಣೆಯ ಹೊಸ ಕಲೆ ಇದ್ದರೆ ಸೋರಿಕೆ ಅಲ್ಲಿರುವ ಸಂಭವ ಹೆಚ್ಚು.

ಪಿ0335: ಕ್ರ್ಯಾಂಕ್ ಸೆನ್ಸರ್‌ನ ಸಂಜ್ಞೆ ಇಲ್ಲ. ಸ್ಟಾರ್ಟರ್ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಸೆನ್ಸರ್‌ನ ತುದಿಗೆ ಕಬ್ಬಿಣದ ಪುಡಿ ಅಂಟಿರಬಹುದು ಅಥವಾ ವೈರ್ ತುಂಡಾಗಿರಬಹುದು.

ಪಿ0401: ಹೊಗೆಯನ್ನು ಎಂಜಿನ್ನಿಗೆ ಮರಳಿ ಕಳುಹಿಸುವ ದಾರಿಯಲ್ಲಿ ಹರಿವು ಸಾಲದು. ವಾಲ್ವಿನಲ್ಲಿ ಮಸಿ ಕಟ್ಟಿರುವುದೇ ಹೆಚ್ಚಾಗಿ ಕಾರಣ. ಬಿಚ್ಚಿ ಶುಚಿ ಮಾಡಿದರೆ ಅನೇಕ ವೇಳೆ ಸರಿಹೋಗುತ್ತದೆ.

ಪಿ0118: ಶೀತಕ ನೀರಿನ ಉಷ್ಣಾಂಶ ತಿಳಿಸುವ ಸೆನ್ಸರ್‌ನಿಂದ ಮಿತಿಮೀರಿದ ವೋಲ್ಟೇಜ್. ಸಾಮಾನ್ಯವಾಗಿ ವೈರ್ ಕಡಿದಿರುತ್ತದೆ ಅಥವಾ ಕನೆಕ್ಟರ್ ಕಳಚಿರುತ್ತದೆ. ಎಂಜಿನ್ ನಿಜವಾಗಿ ಕಾದಿದೆಯೆಂದು ಇದರ ಅರ್ಥವಲ್ಲ. ಆದರೂ ನೀರಿನ ಮಟ್ಟವನ್ನು, ಎಂಜಿನ್ ತಣ್ಣಗಾದ ಮೇಲೆ, ನೋಡುವುದು ಲೇಸು.

ಎಚ್ಚರಿಕೆ

ಕಾಮನ್ ರೈಲಿನೊಳಗಿನ ಒತ್ತಡ 1,000 ಬಾರ್ ಮೀರಬಲ್ಲದು. ಎಂಜಿನ್ ನಡೆಯುತ್ತಿರುವಾಗ ಇಂಜೆಕ್ಟರ್‌ಗೆ ಹೋಗುವ ಲೋಹದ ಕೊಳವೆಯ ನಟ್ಟನ್ನು ಸಡಿಲಿಸಲೇಬಾರದು. ಹಳೆಯ ಯಾಂತ್ರಿಕ ಎಂಜಿನ್‌ಗಳಲ್ಲಿ ಗಾಳಿ ತೆಗೆಯಲು ಬಳಸುತ್ತಿದ್ದ ಈ ರೂಢಿ ಇಲ್ಲಿ ಪ್ರಾಣಾಪಾಯಕರ. ಸೋರಿಕೆಯನ್ನು ಬರಿಗೈಯಿಂದ ಮುಟ್ಟಿ ನೋಡಬಾರದು. ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕರೆ, ಗಾಯ ಸೂಜಿಮೊನೆಯಷ್ಟಿದ್ದರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಂಜಿನ್‌ನ ಹಳದಿ ದೀಪ ಹೊತ್ತಿದರೆ ನಿಧಾನವಾಗಿ ಹತ್ತಿರದ ಗ್ಯಾರೇಜಿನವರೆಗೆ ಸಾಗಬಹುದು. ಎಂಜಿನ್ ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದರೆ ಕೂಡಲೇ ಎಂಜಿನ್ ನಿಲ್ಲಿಸಬೇಕು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವುದರಿಂದ ಪಂಪು ಮತ್ತು ಇಂಜೆಕ್ಟರ್‌ಗಳಿಗೆ ಬೇಕಾದ ಜಾರುಗುಣ ಕಡಿಮೆಯಾಗಿ ಅವು ಬೇಗ ಸವೆಯುತ್ತವೆ.

ಕೊಯ್ಲಿನ ಕಾಲ ಬರುವ ಮುನ್ನವೇ ಫಿಲ್ಟರ್, ಬ್ಯಾಟರಿ, ಕೊಳವೆಗಳನ್ನು ಪರೀಕ್ಷಿಸಿ, ಕಂಡ ಸಂಕೇತ ಮತ್ತು ಮಾಡಿಸಿದ ದುರಸ್ತಿಯನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಗ್ಯಾರೇಜಿಗೆ ಹೋದಾಗ ಯಾವ ಪರೀಕ್ಷೆಯ ಆಧಾರದ ಮೇಲೆ ಬಿಡಿಭಾಗ ಬದಲಾಯಿಸಲಾಗುತ್ತಿದೆ ಎಂದು ಕೇಳಿ ತಿಳಿಯುವ ಹಕ್ಕು ವಾಹನದ ಒಡೆಯನಿಗೆ ಇದ್ದೇ ಇದೆ.