ಬೇಸಿಗೆ ರಜೆಗೆ ಬಾಹ್ಯಾಕಾಶದ ದಾರಿ

ಮಾರ್ಚ್ ಅಂತ್ಯದ ಲೆಕ್ಕಪತ್ರಗಳು ಮುಗಿಯುತ್ತಿದ್ದಂತೆಯೇ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳುಗಳು ಮದುವೆಯ ಹಂಗಾಮು. ಜವಳಿ, ಚಿನ್ನ, ದಿನಸಿ ವ್ಯಾಪಾರಿಗಳು ಅಂಗಡಿ ಬಿಟ್ಟು ವಾರಗಟ್ಟಲೆ ಪ್ರವಾಸ ಹೋಗುವುದು ಕಷ್ಟಸಾಧ್ಯ. ಮಳೆಗಾಲಕ್ಕೆ ಮೊದಲೇ ಬೇಡಿಕೆ ಪೂರೈಸಬೇಕಾದ ಸಣ್ಣ ಉದ್ದಿಮೆದಾರರ ಸ್ಥಿತಿಯೂ ಇದೇ. ಪರಿಣಾಮವಾಗಿ ಮಕ್ಕಳ ರಜೆ ಮೊಬೈಲ್ ಪರದೆಯ ಮುಂದೆ ಕಳೆದುಹೋಗುತ್ತದೆ. ಅಂಗಡಿಯ ಬಾಗಿಲು ಮುಚ್ಚದೆ, ಹೆಚ್ಚು ವೆಚ್ಚವಿಲ್ಲದೆ ಈ ರಜೆಯನ್ನು ಸಾರ್ಥಕಗೊಳಿಸುವ ಮಾರ್ಗವೊಂದಿದೆ; ಅದುವೇ ಬಾಹ್ಯಾಕಾಶದ ಪರಿಚಯ.

ಅದಮಾರಿನಿಂದ ಆರ್ಯಭಟದವರೆಗೆ

ಈ ಮಾರ್ಗ ಆರಂಭವಾಗುವುದು ನಮ್ಮ ಜಿಲ್ಲೆಯಲ್ಲಿಯೇ. ಕಾಪು ಸಮೀಪದ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಜನಿಸಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಡಾ. ಯು. ಆರ್. ರಾವ್ ಅವರು ಭಾರತದ ಮೊದಲ ಉಪಗ್ರಹ ‘ಆರ್ಯಭಟ’ದ ನಿರ್ಮಾಣದ ಸಾರಥ್ಯ ವಹಿಸಿದರು. 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೂಲಕ ಕಕ್ಷೆ ಸೇರಿತು. ಉದ್ಯಮಿಗಳು ಗಮನಿಸಬೇಕಾದ ಸಂಗತಿಯೆಂದರೆ, ಅದು ರೂಪುಗೊಂಡದ್ದು ಯಾವುದೇ ಭವ್ಯ ಪ್ರಯೋಗಾಲಯದಲ್ಲಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ. ಮುಂದೆ 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ರಾವ್ ಅವರು 2017ರಲ್ಲಿ ನಿಧನರಾದರು. ಬೆಂಗಳೂರಿನ ಉಪಗ್ರಹ ಕೇಂದ್ರ ಇಂದು ಅವರ ಹೆಸರನ್ನೇ ಹೊತ್ತಿದೆ.

ನೆರಳಿಲ್ಲದ ಮಧ್ಯಾಹ್ನ

ಪ್ರತಿವರ್ಷ ಏಪ್ರಿಲ್ 25ರ ಸುಮಾರಿಗೆ ಮಧ್ಯಾಹ್ನ 12.30ರ ಹೊತ್ತಿಗೆ ಸೂರ್ಯನು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕೆಲವು ಕ್ಷಣ ಮಾಯವಾಗುತ್ತದೆ. ಆಗಸ್ಟ್‌ನಲ್ಲಿ ಇದು ಮರುಕಳಿಸಿದರೂ ಮಳೆಮೋಡಗಳು ಅದನ್ನು ಮರೆಮಾಡುವುದೇ ಹೆಚ್ಚು. ಅಂಗಡಿಯ ಅಂಗಳದಲ್ಲಿಯೇ ನಡೆಸಬಹುದಾದ ಈ ಪ್ರಯೋಗಕ್ಕೆ ಬೇಕಾದುದು ಒಂದು ಕೋಲು ಮಾತ್ರ.

ರಾತ್ರಿ ಅಂಗಡಿ ಮುಚ್ಚಿದ ಬಳಿಕ ಕಾಪು ಕಡಲತೀರಕ್ಕೆ ಹೋದರೆ, ಮೇ ಮಧ್ಯಭಾಗದಲ್ಲಿ ಒಂಬತ್ತೂವರೆಯ ವೇಳೆಗೆ ದಕ್ಷಿಣ ದಿಗಂತದ ಮೇಲೆ ತ್ರಿಶಂಕು ನಕ್ಷತ್ರಪುಂಜ ಕಾಣಸಿಗುತ್ತದೆ. ಉತ್ತರ ಭಾರತದವರಿಗೆ ಇದು ಸುಲಭವಾಗಿ ಕಾಣದು. ಮಾರ್ಗದರ್ಶನ ಬಯಸುವವರಿಗೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. ವಾರದಲ್ಲಿ ಒಂದು ದಿನ ಬಿಡುವಿದ್ದರೆ ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ತಾರಾಲಯಕ್ಕೆ ಹೋಗಿ ಸಂಜೆಯೊಳಗೆ ಮರಳಬಹುದು.

ಒಂಬತ್ತನೆಯ ತರಗತಿಯವರಿಗೆ ಅವಕಾಶ

ಇಸ್ರೋ 2019ರಲ್ಲಿ ಆರಂಭಿಸಿದ ‘ಯುವಿಕಾ’ ಶಿಬಿರವು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಮೀಸಲು. ಮೇ ತಿಂಗಳಲ್ಲಿ ಎರಡು ವಾರ ನಡೆಯುವ ಈ ಶಿಬಿರದಲ್ಲಿ ಊಟ, ವಸತಿ, ಪ್ರಯಾಣ ವೆಚ್ಚಗಳನ್ನು ಸಂಸ್ಥೆಯೇ ಭರಿಸುತ್ತದೆ. ಗ್ರಾಮೀಣ ಶಾಲೆಗಳ ಮಕ್ಕಳಿಗೆ ಆದ್ಯತೆಯಿದೆ. ಅರ್ಜಿ ಸಲ್ಲಿಕೆ ರಜೆಗೆ ಎಷ್ಟೋ ಮೊದಲು ಆರಂಭವಾಗುವುದರಿಂದ ಪೋಷಕರು ಫೆಬ್ರವರಿಯಿಂದಲೇ ಇಸ್ರೋ ಪ್ರಕಟಣೆಗಳತ್ತ ಗಮನವಿಡುವುದು ಲೇಸು.

ಲಾಭದ ಲೆಕ್ಕ

ಇದು ಕೇವಲ ಮನರಂಜನೆಯ ಮಾತಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. 2023ರಲ್ಲಿ ಅದಕ್ಕೊಂದು ನೀತಿಯನ್ನೂ ಪ್ರಕಟಿಸಿತು. ಮಣಿಪಾಲದ ಎಂ.ಐ.ಟಿ. ವಿದ್ಯಾರ್ಥಿಗಳು ‘ಪರೀಕ್ಷಿತ್’ ಎಂಬ ಪುಟ್ಟ ಉಪಗ್ರಹದ ವಿನ್ಯಾಸದಲ್ಲಿ ತೊಡಗಿದ್ದಾರೆ. ನಿಖರವಾಗಿ ಲೋಹ ಕಡೆಯಬಲ್ಲ, ಅಚ್ಚು ತಯಾರಿಸಬಲ್ಲ, ವಿದ್ಯುನ್ಮಾನ ಜೋಡಣೆ ಬಲ್ಲ ಸಣ್ಣ ಘಟಕಗಳಿಗೆ ಈ ಕ್ಷೇತ್ರ ಇನ್ನು ಮುಂದೆ ಪರಕೀಯವಲ್ಲ.

ಓದು ಮುಗಿಸಿದ ಮಕ್ಕಳು ತಂದೆಯ ಉದ್ದಿಮೆಯಲ್ಲಿ ಹೊಸತೇನೂ ಇಲ್ಲವೆಂದು ದೂರದ ನಗರಗಳಿಗೆ ತೆರಳುವುದು ಕರಾವಳಿಯ ಅನೇಕ ಮನೆಗಳ ಅನುಭವ. ಶೆಡ್ಡಿನಲ್ಲಿ ಕೆಲಸ ಮಾಡುವ ಯಂತ್ರಕ್ಕೂ ಆಕಾಶದಲ್ಲಿ ಸುತ್ತುವ ಉಪಗ್ರಹಕ್ಕೂ ಸಂಬಂಧವಿದೆಯೆಂಬ ಅರಿವು ಎಳೆಯ ಮನಸ್ಸಿಗೆ ಬಂದರೆ, ಅವರಲ್ಲಿ ಕೆಲವರಾದರೂ ಹಿಂದಿರುಗಿ ನೋಡಿಯಾರು. ಈ ಬೇಸಿಗೆಯಲ್ಲಿ ಅಂಗಳದಲ್ಲಿ ಒಂದು ಕೋಲು ನೆಡುವುದು ಅದಕ್ಕೆ ಹೂಡಬೇಕಾದ ಮೊದಲ ಬಂಡವಾಳ.