ನಾಲ್ಕು ಚಕ್ರದ ಎಳೆತ: ಜನರ ನಂಬಿಕೆ ಮತ್ತು ಯಂತ್ರದ ನಿಜ

ಪಶ್ಚಿಮಘಟ್ಟದ ಪಾದದಲ್ಲಿ ಹಬ್ಬಿರುವ ಬೆಳ್ತಂಗಡಿ ಸೀಮೆಯಲ್ಲಿ, ಉಜಿರೆಯಿಂದ ಧರ್ಮಸ್ಥಳಕ್ಕೆ ಹೋಗುವ ಡಾಮರು ರಸ್ತೆಯನ್ನು ಬಿಟ್ಟು ಒಂದೆರಡು ಮೈಲಿ ಒಳಹೊಕ್ಕರೆ ಸಾಕು, ಅಡಿಕೆ ತೋಟಕ್ಕೋ ರಬ್ಬರ್ ಗುಡ್ಡೆಗೋ ಏರುವ ಕೆಮ್ಮಣ್ಣಿನ ಹಾದಿ ಎದುರಾಗುತ್ತದೆ. ಬೇಸಗೆಯಲ್ಲಿ ಯಾವ ವಾಹನಕ್ಕೂ ಒಲಿಯುವ ಆ ಹಾದಿ, ಆಟಿ ತಿಂಗಳ ಜಡಿಮಳೆಯಲ್ಲಿ ನೆಲದ ಮುರಕಲ್ಲು ಪಾಚಿಗಟ್ಟಿ, ಮೇಲಿನ ಮಣ್ಣು ಬೆಣ್ಣೆಯಾಗಿ, ಕಾಲ್ನಡಿಗೆಯವರನ್ನೇ ಜಾರಿಸುತ್ತದೆ. ಇಂತಹ ನೆಲದಲ್ಲಿ ಗೊಬ್ಬರದ ಚೀಲವನ್ನೂ ಅಡಿಕೆಯ ಮೂಟೆಯನ್ನೂ ಹೊತ್ತು ತಿರುಗಬೇಕಾದ ಕೃಷಿಕನು ಪಿಕಪ್ ಕೊಳ್ಳುವಾಗ ಫೋರ್ ವೀಲ್, ಅಂದರೆ ನಾಲ್ಕು ಚಕ್ರದ ಎಳೆತ, ಇರುವುದನ್ನೇ ಬಯಸುವುದು ಸಹಜ. ಆದರೆ ಹಣ ಕೊಟ್ಟು ಪಡೆದ ಆ ಸೌಕರ್ಯದ ಸ್ವಭಾವವೇನು, ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು ಎಂಬ ವಿಚಾರದಲ್ಲಿ ಮಾತ್ರ, ಬಾಯಿಂದ ಬಾಯಿಗೆ ಹರಿದುಬಂದ ನಂಬಿಕೆಗಳೇ ಹೊಸಬನಿಗೆ ಗುರುವಾಗಿರುವುದನ್ನು ಕಾಣುತ್ತೇವೆ.

ಮೊದಲನೆಯ ನಂಬಿಕೆ, ಜೀಪಿನ ಆಕಾರದ್ದೆಲ್ಲ ಫೋರ್ ವೀಲ್ ಎಂಬುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ ಅಸಂಖ್ಯವಾಗಿ ತಯಾರಾದ ವಿಲ್ಲಿಸ್ ಜೀಪು ನಾಲ್ಕೂ ಚಕ್ರಗಳಿಂದ ಎಳೆಯುತ್ತಿದ್ದುದು ನಿಜ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಅದನ್ನು ನಮ್ಮ ದೇಶಕ್ಕೆ ತಂದ ಮಹೀಂದ್ರ ಸಂಸ್ಥೆಯವರ ಮೂಲಕ ಆ ಕೀರ್ತಿ ಹಳ್ಳಿಹಳ್ಳಿಗೂ ತಲುಪಿತು. ಆದರೆ ಮುಂದೆ ಅದೇ ವಂಶದಲ್ಲಿ ಹುಟ್ಟಿ, ಮಲೆನಾಡು ಕರಾವಳಿಗಳಲ್ಲಿ ಜನರನ್ನು ತುಂಬಿಕೊಂಡು ಓಡಿದ ಬಾಡಿಗೆ ಜೀಪುಗಳಲ್ಲಿ ಅನೇಕವು ಹಿಂದಿನ ಎರಡೇ ಚಕ್ರಗಳಿಂದ ನಡೆಯುವಂಥವು. ಶ್ರೀ ಕ್ಷೇತ್ರ ಧರ್ಮಸ್ಥಳಕ್ಕೆ ಹೊರೆಕಾಣಿಕೆ ಹೊತ್ತು ಸಾಲುಗಟ್ಟಿ ಬರುವ ಪಿಕಪ್‌ಗಳಲ್ಲಿಯೂ ಬಹುಪಾಲು ಹಾಗೆಯೇ. ಮಹೀಂದ್ರದವರ ಥಾರ್ ಕೂಡ 2023ರ ಜನವರಿಯಿಂದ ಎರಡು ಚಕ್ರದ ಎಳೆತದ ರೂಪದಲ್ಲಿಯೂ ದೊರೆಯುತ್ತಿದೆ. ಆದುದರಿಂದ ಹಳೆಯ ವಾಹನ ಕೊಳ್ಳುವವನು ಮುಖವನ್ನು ನೋಡಿ ಮೋಸಹೋಗದೆ, ಬಗ್ಗಿ ಅಡಿಭಾಗವನ್ನು ನೋಡತಕ್ಕದ್ದು. ಮುಂದಿನ ಆಕ್ಸಲ್ಲಿಗೆ ತಿರುಗುದಂಡವೊಂದು ಹೋಗಿದ್ದರೆ ಮಾತ್ರ ಅದು ಫೋರ್ ವೀಲ್.

ಎರಡನೆಯದು ಇದಕ್ಕಿಂತ ವ್ಯಾಪಕವಾದದ್ದು: ನಾಲ್ಕು ಚಕ್ರದ ಎಳೆತವು ಎರಡರದ್ದಕ್ಕಿಂತ ಕ್ಷೇಮಕರವಾದುದರಿಂದ ಸದಾ ಹಾಕಿಯೇ ಇಡುವುದು ಲೇಸೆಂಬ ನಂಬಿಕೆ. ಮೇಲ್ನೋಟಕ್ಕೆ ತರ್ಕಬದ್ಧವಾಗಿ ತೋರುವ ಈ ಮಾತು ಯಂತ್ರದ ಒಡಲನ್ನು ಹೊಕ್ಕು ನೋಡಿದರೆ ನಿಲ್ಲುವುದಿಲ್ಲ. ವಾಹನವು ತಿರುವಿನಲ್ಲಿ ಸಾಗುವಾಗ ಮುಂದಿನ ಚಕ್ರಗಳು ದೊಡ್ಡ ವೃತ್ತದಲ್ಲಿಯೂ ಹಿಂದಿನವು ಚಿಕ್ಕ ವೃತ್ತದಲ್ಲಿಯೂ ಚಲಿಸುತ್ತವೆ. ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ 3 ಮೀಟರಿಗಿಂತ ತುಸು ಹೆಚ್ಚು ಅಂತರವುಳ್ಳ ಒಂದು ಉದ್ದದ ಪಿಕಪ್ಪನ್ನು, ಮುಂದಿನ ಆಕ್ಸಲ್ಲಿನ ನಡುವು 6 ಮೀಟರ್ ತ್ರಿಜ್ಯದಲ್ಲಿ ಸುತ್ತುವಷ್ಟು ಬಿಗಿಯಾಗಿ ಒಂದು ಸುತ್ತು ತಿರುಗಿಸಿದೆವೆನ್ನಿ. ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ಲು ಹಿಂದಿನದಕ್ಕಿಂತ ಸುಮಾರು 5 ಮೀಟರ್ ಅಧಿಕ ದೂರವನ್ನು ಕ್ರಮಿಸಿರುತ್ತದೆ. ಎರಡು ಚಕ್ರದಲ್ಲಿ ಓಡುವಾಗ ಈ ಅಂತರದಿಂದ ಯಾರಿಗೂ ಬಾಧೆಯಿಲ್ಲ, ಏಕೆಂದರೆ ಮುಂದಿನ ಚಕ್ರಗಳು ತಮ್ಮ ಪಾಡಿಗೆ ತಾವು ಉರುಳುತ್ತವೆ. ಆದರೆ ನಮ್ಮ ಸಾಮಾನ್ಯ ಪಿಕಪ್‌ಗಳಲ್ಲಿ ಫೋರ್ ವೀಲ್ ಹಾಕಿದೊಡನೆ, ಗೇರ್ ಪೆಟ್ಟಿಗೆಯ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಹಿಂದಿನ ದಂಡಗಳೆರಡನ್ನೂ ಒಂದೇ ವೇಗಕ್ಕೆ ಬಿಗಿದುಬಿಡುತ್ತದೆ. ಅಧಿಕ ದೂರ ಹೋಗಬೇಕಾದದ್ದಕ್ಕೆ ಹೋಗಲು ಅವಕಾಶವಿಲ್ಲ, ಹಿಂದುಳಿಯಬೇಕಾದದ್ದಕ್ಕೆ ಹಿಂದುಳಿಯಲು ಎಡೆಯಿಲ್ಲ. ಕೆಸರಿನಲ್ಲಾದರೆ ಟಯರುಗಳು ಕೊಂಚ ಜಾರಿ ಈ ಕಲಹವನ್ನು ಪರಿಹರಿಸಿಕೊಳ್ಳುತ್ತವೆ. ಒಣಗಿದ ಡಾಮರಿನ ಮೇಲೆ ಜಾರಲು ನೆಲ ಬಿಡದಿರುವುದರಿಂದ ಆ ಬಿಗುಪೆಲ್ಲ ದಂಡಗಳಲ್ಲಿ, ಹಲ್ಲುಚಕ್ರಗಳಲ್ಲಿ ಸಂಚಯವಾಗುತ್ತದೆ. ತತ್ಫಲವಾಗಿ ಸ್ಟಿಯರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಯಾರೋ ಬ್ರೇಕ್ ಹಿಡಿದಂತೆ ಗಾಡಿ ಕುಕ್ಕುತ್ತದೆ, ಟಯರು ಸವೆಯುತ್ತದೆ. ಕಡೆಗೆ ಫೋರ್ ವೀಲ್ ಹಾಕುವ ಲಿವರನ್ನು ಎಷ್ಟು ಎಳೆದರೂ ಬಾರದೆ ಕಚ್ಚಿಕೊಳ್ಳುತ್ತದೆ. ಲಿವರು ಹಾಗೆ ಕಚ್ಚಿಕೊಂಡಾಗ ಅದರೊಡನೆ ಮಲ್ಲಯುದ್ಧ ಮಾಡುವುದು ವ್ಯರ್ಥ. ಸ್ಟಿಯರಿಂಗ್ ನೇರ ಹಿಡಿದು ಕೆಲವು ಮೀಟರ್ ಹಿಂದಕ್ಕೆ ಬಂದರೆ ಬಿಗುಪು ಸಡಿಲಿ ಲಿವರು ತಾನಾಗಿ ಬಿಡುವುದುಂಟು. ಮುಂದಿನ ಹಿಂದಿನ ದಂಡಗಳ ಮಧ್ಯದಲ್ಲಿ, ಅವು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯನ್ನು ಇಟ್ಟು ಈ ತೊಡಕನ್ನು ಮೂಲದಲ್ಲಿಯೇ ನಿವಾರಿಸಿದ ವಾಹನಗಳು ಲೋಕದಲ್ಲಿಲ್ಲವೆಂದಲ್ಲ. ಅವು ಡಾಮರಿನಲ್ಲಿಯೂ ನಾಲ್ಕು ಚಕ್ರದಿಂದ ಓಡಬಲ್ಲವು. ನಮ್ಮ ಅಂಗಳದಲ್ಲಿ ನಿಂತಿರುವ ಪಿಕಪ್ ಪ್ರಾಯಶಃ ಆ ಜಾತಿಯದಲ್ಲ.

ಇದೇ ಭ್ರಾಂತಿಯ ಇನ್ನೊಂದು ಮುಖ ಚಾರ್ಮಾಡಿ ಘಾಟಿಯಲ್ಲಿ ಕಾಣಬರುತ್ತದೆ. ಮಳೆಗಾಲದಲ್ಲಿ ಮಂಜು ಮುಸುಕಿದ ಆ ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ, ಫೋರ್ ವೀಲ್ ಗಾಡಿಯಾದುದರಿಂದ ಬೇಗ ನಿಲ್ಲುತ್ತದೆಂದು ಧೈರ್ಯ ತಾಳುವವರಿದ್ದಾರೆ. ಬ್ರೇಕು ಎಲ್ಲ ವಾಹನಗಳಲ್ಲಿಯೂ ನಾಲ್ಕು ಚಕ್ರಕ್ಕೇ ಇರುವುದು. ಎಳೆತ ಎರಡರದ್ದಾದರೇನು, ನಾಲ್ಕರದ್ದಾದರೇನು, ಒದ್ದೆ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿ ಟಯರಿಗೂ ನೆಲಕ್ಕೂ ಇರುವ ಹಿಡಿತದಿಂದಲೇ ಬರತಕ್ಕದ್ದು. ನಾಲ್ಕು ಚಕ್ರದ ಎಳೆತವು ಗಾಡಿಯನ್ನು ಹೊರಡಿಸುವ ಉಪಾಯವೇ ಹೊರತು ನಿಲ್ಲಿಸುವ ಉಪಾಯವಲ್ಲ. ಜಾರುವ ನೆಲದಲ್ಲಿ ಸರಾಗವಾಗಿ ವೇಗ ಹಿಡಿಯುವುದರಿಂದ, ನೆಲ ಜಾರುತ್ತಿದೆಯೆಂಬ ಎಚ್ಚರಿಕೆಯನ್ನೇ ಅದು ಚಾಲಕನಿಂದ ಮರೆಮಾಚುತ್ತದೆಂಬುದು ನನ್ನ ಅಭಿಪ್ರಾಯ. ಇನ್ನು ಡೀಸೆಲ್ ಉಳಿಯುತ್ತದೆಂದು ಘಾಟಿಯನ್ನು ನ್ಯೂಟ್ರಲ್‌ನಲ್ಲಿ ಇಳಿಸುವ ಹಳೆಯ ಚಾಳಿಯ ಬಗ್ಗೆ ಒಂದೇ ಮಾತು: ಇಂದಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟಾಗ ಇಂಧನವನ್ನು ತಾವೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಉಳಿಯುವುದೇನೂ ಇಲ್ಲ, ಎಂಜಿನ್ನಿನ ತಡೆ ಕಳೆದು ಬ್ರೇಕು ಕಾಯುವುದು ಮಾತ್ರ ನಿಶ್ಚಯ.

ಫೋರ್ ವೀಲ್ ಹಾಕಿದರೆ ನಾಲ್ಕೂ ಚಕ್ರಗಳು ಸಮನಾಗಿ ಎಳೆಯುತ್ತವೆಂಬ ಮಾತೂ ಎಲ್ಲ ಸಂದರ್ಭಕ್ಕೆ ಸಲ್ಲದು. ಪ್ರತಿಯೊಂದು ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಇರುತ್ತದೆ. ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಅದು ಬೇಕೇ ಬೇಕು. ಆದರೆ ಒಂದು ಚಕ್ರಕ್ಕೆ ಹಿಡಿತ ತಪ್ಪಿದಾಗ, ಅದೇ ಸಾಧು ಸ್ವಭಾವದಿಂದ, ಎಂಜಿನ್ನಿನ ತಿರುಗುವಿಕೆಯನ್ನೆಲ್ಲ ಆ ತಬ್ಬಲಿ ಚಕ್ರಕ್ಕೇ ಹರಿಯಬಿಟ್ಟು ಇನ್ನೊಂದನ್ನು ನಿಷ್ಕ್ರಿಯಗೊಳಿಸುತ್ತದೆ. ಕೊರಕಲು ಬಿದ್ದ ತೋಟದ ದಾರಿಯಲ್ಲಿ ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಏಕಕಾಲದಲ್ಲಿ ಗಾಳಿಯಲ್ಲಿ ನೇತಾಡಿದರೆ, ಫೋರ್ ವೀಲ್ ಪಿಕಪ್ ಆ ಎರಡನ್ನು ಮಾತ್ರ ಗಿರಗಿರನೆ ತಿರುಗಿಸುತ್ತ ನಿಂತಲ್ಲೇ ನಿಲ್ಲುವುದನ್ನು ನೋಡಿ ಹೊಸಬರು ಗಾಡಿ ಕೆಟ್ಟಿತೆಂದು ತಿಳಿಯುತ್ತಾರೆ. ಕೆಟ್ಟಿಲ್ಲ, ಅದರ ಧರ್ಮವೇ ಅದು. ಆಕ್ಸಲ್ಲಿನ ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಉಳ್ಳ ವಾಹನಕ್ಕೆ ಈ ಸಂಕಟ ಕಡಿಮೆ. ಲಾಕ್ ಇಲ್ಲದವನು ಗುಂಡಿಗೆ ಕಲ್ಲು ತುಂಬಿ ಚಕ್ರಗಳು ನೆಲ ಮುಟ್ಟುವ ಜಾಡನ್ನು ಆರಿಸಿಕೊಳ್ಳಬೇಕು. ಪಿಕಪ್‌ಗಂತೂ ಹಿಂಬದಿ ಬರಿದಾಗಿರುವಾಗ ಹಿಂದಿನ ಚಕ್ರಗಳ ಮೇಲೆ ಭಾರ ಸಾಲದು. ಹೇರಿಲ್ಲದೆ ಬಂದಾಗಲೇ ಅದು ಹೆಚ್ಚು ಜಾರುತ್ತದೆಂಬುದನ್ನು ನೆನಪಿಡುವುದು ಒಳ್ಳೆಯದು.

ಕೆಸರಿನಲ್ಲಿ ಸಿಕ್ಕಿಬಿದ್ದ ಮೇಲೆ ಫೋರ್ ವೀಲ್ ಹಾಕಿದರಾಯಿತೆಂಬ ಆಲಸ್ಯವೂ ಸಾಮಾನ್ಯ. ಹಿಂದಿನ ಚಕ್ರಗಳು ತಿರುಗಿ ತಿರುಗಿ ಗುಂಡಿ ತೋಡಿ, ಆಕ್ಸಲ್ಲು ಮಣ್ಣಿನ ಮೇಲೆ ಕುಳಿತ ಬಳಿಕ ನಾಲ್ಕು ಚಕ್ರಗಳೂ ಅಸಹಾಯಕವೇ. ಕೆಸರು ಕಣ್ಣಿಗೆ ಬಿದ್ದೊಡನೆ, ಅದನ್ನು ಹೊಗುವ ಮುನ್ನ, ಫೋರ್ ವೀಲನ್ನು ಸಾಮಾನ್ಯ ವೇಗದ ಹೈ ಸ್ಥಾನಕ್ಕೆ ಹಾಕಿ, ಮಿತವೇಗದಲ್ಲಿ, ನಡುವೆ ನಿಲ್ಲದೆ ದಾಟುವುದೇ ಕ್ರಮ. ಲೋ ಎಂಬುದು ಬೇರೆ ಕೆಲಸಕ್ಕೆ. ಅದರಲ್ಲಿ ಚಕ್ರದ ವೇಗ ಸರಿಸುಮಾರು ಎರಡೂವರೆ ಪಾಲು ತಗ್ಗಿ, ಎಳೆತ ಅಷ್ಟೇ ಪಾಲು ಏರುತ್ತದೆ. ಕೆಸರಿನಲ್ಲಿ ಆ ಅಧಿಕ ಬಲವೇ ಚಕ್ರವನ್ನು ಜಾರಿಸಲೂಬಹುದು. ಕಡಿದಾದ ಏರನ್ನು ಹೇರಿನೊಡನೆ ಹತ್ತುವುದಕ್ಕೂ, ಅದಕ್ಕಿಂತ ಮುಖ್ಯವಾಗಿ ಜಾರುವ ಗುಡ್ಡೆಯನ್ನು ಇಳಿಯುವುದಕ್ಕೂ ಲೋ ಮೊದಲ ಗೇರು ಉತ್ತಮ. ಬ್ರೇಕನ್ನು ತುಳಿಯದೆ, ಕ್ಲಚ್ಚನ್ನು ಮುಟ್ಟದೆ, ಎಂಜಿನ್ನೇ ಹಿಡಿದು ಇಳಿಸುವುದನ್ನು ಒಮ್ಮೆ ಅನುಭವಿಸಿದವನು ಮತ್ತೆ ಬೇರೆ ರೀತಿಯಲ್ಲಿ ಇಳಿಯಲಾರ. ಲೋ ಹಾಕುವುದು ಸಾಮಾನ್ಯವಾಗಿ ಗಾಡಿ ನಿಂತಾಗ ಅಥವಾ ನಿಂತಂತೆ ತೆವಳುವಾಗ ಮಾತ್ರ.

ನೀರಿನ ವಿಷಯದಲ್ಲಿ ನಂಬಿಕೆ ಪ್ರಾಣಕ್ಕೇ ಮುಳುವಾಗಬಲ್ಲದು. ಥಾರ್ ವಾಹನಕ್ಕೆ 650 ಮಿಲಿಮೀಟರ್, ಟೊಯೋಟ ಹೈಲಕ್ಸ್ ಪಿಕಪ್‌ಗೆ 700 ಮಿಲಿಮೀಟರ್ ಆಳದ ನೀರನ್ನು ದಾಟುವ ಸಾಮರ್ಥ್ಯವಿದೆಯೆಂದು ತಯಾರಕರು ಹೇಳುವುದನ್ನು ಓದಿ, ಅಷ್ಟು ನೀರಿರುವ ತೋಡಿಗೆ ನಿಶ್ಚಿಂತೆಯಿಂದ ಇಳಿಯಬಹುದೆಂದು ಭಾವಿಸುವವರುಂಟು. ಆ ಅಂಕಿಗಳು ನಿಂತ ನೀರಿನವು. ಹರಿಯುವ ನೀರು ಎರಡಡಿಯಷ್ಟಾದರೂ ಪಿಕಪ್ಪನ್ನು ಬದಿಗೆ ತಳ್ಳಿಕೊಂಡು ಹೋಗಬಲ್ಲದು. ಗಾಡಿ ತೇಲತೊಡಗಿದ ಮೇಲೆ ನೆಲವನ್ನು ಮುಟ್ಟದ ಚಕ್ರಗಳು ಎರಡಿದ್ದರೇನು, ನಾಲ್ಕಿದ್ದರೇನು! 2019ರ ಆಗಸ್ಟ್ ತಿಂಗಳಲ್ಲಿ ಘಟ್ಟದ ಗುಡ್ಡಗಳು ಜರಿದು, ಚಾರ್ಮಾಡಿ ದಿಡುಪೆಗಳ ಕಡೆಯ ಹಳ್ಳಗಳು ಬಂಡೆಗಳನ್ನೂ ಮರದ ದಿಮ್ಮಿಗಳನ್ನೂ ಹೊತ್ತು ತೋಟಗಳಿಗೆ ನುಗ್ಗಿದುದನ್ನು ಕಂಡ ಈ ಸೀಮೆಯವರಿಗೆ ಕೆಂಪುನೀರಿನ ಅಡಿಯಲ್ಲಿ ನಿನ್ನೆಯ ನೆಲವೇ ಇಂದೂ ಇರುವುದೆಂಬ ಭರವಸೆ ಉಳಿದಿರಲಾರದು. ಇದರ ಮೇಲೆ ಎಂಜಿನ್ನಿನ ಗಾಳಿಮಾರ್ಗಕ್ಕೆ ನೀರು ಹೊಕ್ಕರೆ, ನೀರು ಗಾಳಿಯಂತೆ ಅದುಮಲ್ಪಡದುದರಿಂದ, ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ನೀರಿನಲ್ಲಿ ನಿಂತುಹೋದ ಎಂಜಿನ್ನನ್ನು ಮರಳಿ ಸ್ಟಾರ್ಟ್ ಮಾಡಲು ಯತ್ನಿಸಲೇಬಾರದು.

ಕಡೆಯದಾಗಿ ಮೂರು ಸಣ್ಣ ವಿಷಯಗಳು. ಬೇಸಗೆಯಿಡೀ ಬಳಸದಿದ್ದರೆ ಫೋರ್ ವೀಲ್ ಹೊಸದರಂತೆಯೇ ಉಳಿಯುತ್ತದೆಂಬುದು ತಪ್ಪು. ಮುಂದಿನ ಭಾಗದ ಹಲ್ಲುಚಕ್ರಗಳಿಗೂ ಸೀಲುಗಳಿಗೂ ಎಣ್ಣೆ ಎರಚಲ್ಪಡಬೇಕಾದರೆ ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಹಾಕಿ ಓಡಿಸುವುದು ಅವಶ್ಯ. ಹಿಂದಿನ ಎರಡು ಟಯರುಗಳನ್ನು ಮಾತ್ರ ಹೊಸದಾಗಿಸಿ ಮುಂದೆ ಸವೆದವನ್ನೇ ಬಿಡುವ ಮಿತವ್ಯಯವೂ ಇಲ್ಲಿ ಸಲ್ಲದು, ಏಕೆಂದರೆ ಸುತ್ತಳತೆ ಬೇರೆಯಾದರೆ ನೇರ ದಾರಿಯಲ್ಲಿಯೂ ಮೇಲೆ ಹೇಳಿದ ಬಿಗುಪು ಹುಟ್ಟುತ್ತದೆ.

ಮೂರನೆಯದು ಟ್ರಾನ್ಸ್‌ಫರ್ ಲಿವರಿನ ನ್ಯೂಟ್ರಲ್ ಸ್ಥಾನಕ್ಕೆ ಸಂಬಂಧಿಸಿದುದು. ಹೈ ಮತ್ತು ಲೋಗಳ ನಡುವೆ ಲಿವರು ಅಕಸ್ಮಾತ್ತಾಗಿ ಅಲ್ಲಿ ನಿಂತರೆ, ಗೇರ್ ಪೆಟ್ಟಿಗೆಗೂ ಚಕ್ರಗಳಿಗೂ ನಂಟೇ ಇರುವುದಿಲ್ಲ. ಧರ್ಮಸ್ಥಳದ ಲಕ್ಷದೀಪೋತ್ಸವದ ದಿನ ಇಳಿಜಾರಿನ ಬಯಲಿನಲ್ಲಿ, ಗೇರಿನಲ್ಲಿಟ್ಟಿದ್ದೇನೆಂಬ ಧೈರ್ಯದಿಂದ ಗಾಡಿ ನಿಲ್ಲಿಸಿ ದರ್ಶನಕ್ಕೆ ಹೊರಟವನ ಪಿಕಪ್ ಜನರ ನಡುವೆ ತಾನಾಗಿ ಉರುಳಲು ಇಷ್ಟೇ ಸಾಕು. ಆದ್ದರಿಂದ ಇಳಿಯುವ ಮುನ್ನ ಎರಡೂ ಲಿವರುಗಳನ್ನು ನೋಡಿ, ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದು, ಚಕ್ರದಡಿಗೆ ಒಂದು ಮುರಕಲ್ಲಿನ ತುಂಡನ್ನು ಕೊಡತಕ್ಕದ್ದು.