ಲೂರ್ದಿನ ಊಟೆ, ವೈದ್ಯರ ಕಡತ

ಫ್ರಾನ್ಸಿನ ನೈರುತ್ಯದಲ್ಲಿ, ಪಿರನೀಸ್ ಬೆಟ್ಟಗಳ ಬುಡದಲ್ಲಿ ಲೂರ್ದ್ ಎಂಬ ಊರಿದೆ. 1858ರ ಫೆಬ್ರುವರಿ 11ರಂದು ಅಲ್ಲಿನ ಹದಿನಾಲ್ಕು ವರ್ಷದ ಹುಡುಗಿ ಬರ್ನಡೆಟ್ ಸೂಬಿರೂ ಸೌದೆ ಆಯಲು ಹೊಳೆಯ ಬದಿಗೆ ಹೋದಳು. ಅವಳ ಅಪ್ಪ ಹಿಟ್ಟಿನ ಗಿರಣಿ ಕಳೆದುಕೊಂಡು ಕೂಲಿಗೆ ಇಳಿದಿದ್ದ. ಸಂಸಾರವೆಲ್ಲ ಪಾಳುಬಿದ್ದ ಹಳೇ ಜೈಲಿನ ಒಂದೇ ಕೋಣೆಯಲ್ಲಿತ್ತು. ಕಾಲರಾಕ್ಕೆ ಸಿಕ್ಕಿ ಉಳಿದಿದ್ದ ಹುಡುಗಿಯನ್ನು ಉಬ್ಬಸ ಬಿಟ್ಟಿರಲಿಲ್ಲ. ಮಸಬಿಯೆಲ್ ಬಂಡೆಯ ಗವಿಯಲ್ಲಿ ಬಿಳಿ ಉಡುಪಿನ ಹೆಣ್ಣುಮಗಳೊಬ್ಬಳನ್ನು ಕಂಡೆನೆಂದು ಅವಳು ಹೇಳಿದಳು. ಜುಲೈ 16ರವರೆಗೆ ಇಂಥ ದರ್ಶನ ಒಟ್ಟು 18 ಬಾರಿ ಆಯಿತು.

ಫೆಬ್ರುವರಿ 25ರ ದಿನ ಜನ ನೋಡುತ್ತಿದ್ದಂತೆಯೇ ಅವಳು ಗವಿಯೊಳಗೆ ಮಂಡಿಯೂರಿ ಕೈಯಿಂದ ಮಣ್ಣು ಕೆದಕಿದಳು. ಕೆಸರು ನೀರು ಜಿನುಗಿತು. ಅದನ್ನೇ ಬೊಗಸೆಯಲ್ಲಿ ತೆಗೆದು ಕುಡಿದಳು, ಮುಖಕ್ಕೂ ಬಳಿದುಕೊಂಡಳು. ಹುಡುಗಿಗೆ ತಲೆ ಕೆಟ್ಟಿದೆ ಎಂದು ನೆರೆದವರು ಬೇಸರದಿಂದ ಮನೆಗೆ ಹೋದರು. ಆ ಜಿನುಗು ಆಮೇಲೆ ತಿಳಿನೀರಿನ ಊಟೆಯಾಗಿ ಇಂದಿಗೂ ಹರಿಯುತ್ತಿದೆ.

ಕೆಲವೇ ದಿನಗಳಲ್ಲಿ ಪಕ್ಕದ ಲೂಬಜಾಕ್ ಹಳ್ಳಿಯಿಂದ ಕ್ಯಾಥರಿನ್ ಲತಪಿ ಎಂಬ ತುಂಬು ಗರ್ಭಿಣಿ ಬಂದಳು. ಹಿಂದೆ ಓಕ್ ಮರದಿಂದ ಬಿದ್ದು ಅವಳ ಬಲಗೈಯ ಎರಡು ಬೆರಳು ಸೆಟೆದುಹೋಗಿದ್ದವು. ಊಟೆಯಲ್ಲಿ ಕೈ ಅದ್ದಿದಾಗ ಬೆರಳುಗಳು ಆಡತೊಡಗಿದವು. ಅದೇ ದಿನ ಅವಳಿಗೆ ಗಂಡುಮಗುವೂ ಆಯಿತು. 1862ರಲ್ಲಿ ತಾರ್ಬ್‌ನ ಬಿಷಪ್ ಪವಾಡವೆಂದು ಒಪ್ಪಿದ ಏಳು ಪ್ರಕರಣಗಳಲ್ಲಿ ಇದೂ ಒಂದು.

ಇಲ್ಲಿಂದ ಮುಂದಿನ ಕತೆ ಬಹಳ ಮಂದಿಗೆ ಗೊತ್ತಿಲ್ಲ. ನಂಬಿಕೆಯ ಊರಿನಲ್ಲಿ ಅತಿ ಹೆಚ್ಚು ಅನುಮಾನ ಪಡುವುದು ಚರ್ಚೇ. 1883ರಿಂದ ಲೂರ್ದಿನಲ್ಲಿ ವೈದ್ಯಕೀಯ ಕಚೇರಿಯೊಂದಿದೆ. ಗುಣವಾಯಿತು ಎನ್ನುವವರು ಅಲ್ಲಿಗೆ ಬಂದು ಹೇಳಬೇಕು, ಹಳೆಯ ಚಿಕಿತ್ಸೆಯ ದಾಖಲೆ ತೋರಿಸಬೇಕು. ಊರಿನಲ್ಲಿರುವ ಯಾವ ವೈದ್ಯರಾದರೂ ಪರಿಶೀಲನೆಯಲ್ಲಿ ಕೂರಬಹುದು. ಅವರು ಯಾವ ಧರ್ಮದವರು, ದೇವರನ್ನು ನಂಬುತ್ತಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಒರೆಗಲ್ಲು 18ನೇ ಶತಮಾನದ್ದು, ಮುಂದೆ ಪೋಪ್ 14ನೇ ಬೆನೆಡಿಕ್ಟ್ ಆದ ಲಾಂಬರ್ತೀನಿ ರೂಪಿಸಿದ್ದು. ಕಾಯಿಲೆ ಗಂಭೀರವಾಗಿರಬೇಕು, ಗುಣ ತಟ್ಟನೆ ಆಗಿರಬೇಕು, ಪೂರ್ತಿಯಾಗಿರಬೇಕು, ಮರುಕಳಿಸಬಾರದು, ಔಷಧದ ಫಲವೂ ಆಗಿರಬಾರದು. ಸ್ಥಳೀಯ ವೈದ್ಯರ ನಂತರ ಅಂತರರಾಷ್ಟ್ರೀಯ ವೈದ್ಯರ ಸಮಿತಿ ನೋಡುತ್ತದೆ. ಇವತ್ತಿನ ವೈದ್ಯಶಾಸ್ತ್ರ ಇದನ್ನು ವಿವರಿಸಲಾರದು ಎಂದಷ್ಟೇ ಸಮಿತಿ ಹೇಳೀತು. ಪವಾಡವೆಂದು ಸಾರುವ ಹೊಣೆ ಗುಣವಾದವರ ಊರಿನ ಬಿಷಪ್‌ರದು. ಇದುವರೆಗೆ ಗುಣವಾದೆವೆಂದು ಹೇಳಿಕೊಂಡವರು 7,000ಕ್ಕೂ ಹೆಚ್ಚು. ಮನ್ನಣೆ ಸಿಕ್ಕಿದ್ದು ಎಪ್ಪತ್ತು ಚಿಲ್ಲರೆ ಮಂದಿಗೆ.

ಬರ್ನಡೆಟ್ ಮೊರಿಯೊ ಎಂಬ ಫ್ರೆಂಚ್ ಸನ್ಯಾಸಿನಿಯದು ಆ ಸಾಲಿನ 70ನೆಯ ಹೆಸರು. ಬೆನ್ನುಹುರಿಯ ತುದಿಯ ನರಗಳ ತೊಂದರೆಯಿಂದ ಅವರು ದಶಕಗಳ ಕಾಲ ನರಳಿದ್ದರು, ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದರು. 2008ರ ಜುಲೈನಲ್ಲಿ ಯಾತ್ರೆ ಮುಗಿಸಿ ಮಠಕ್ಕೆ ಮರಳಿದ ಮೇಲೆ, ಪ್ರಾರ್ಥನೆಯಲ್ಲಿದ್ದಾಗ ಮೈಯೆಲ್ಲ ಬೆಚ್ಚಗಾದಂತೆ ಅನ್ನಿಸಿತಂತೆ. ಕಾಲಿನ ಪಟ್ಟಿ, ಔಷಧ ಎಲ್ಲವನ್ನೂ ಬಿಟ್ಟರು. ಬಿಷಪ್ ಘೋಷಣೆ ಹೊರಬಿದ್ದದ್ದು 2018ರಲ್ಲಿ, ಹತ್ತು ವರ್ಷದ ತಪಾಸಣೆಯ ನಂತರ.

ಇನ್ನೊಂದು ಪ್ರಕರಣ ಇದಕ್ಕಿಂತ ಹೆಸರಾಂತದ್ದು, ಆದರೆ ಪಟ್ಟಿಯಲ್ಲಿಲ್ಲ. 1902ರಲ್ಲಿ ಅಲೆಕ್ಸಿ ಕರೆಲ್ ಎಂಬ ಯುವ ವೈದ್ಯ ರೋಗಿಗಳ ರೈಲಿನಲ್ಲಿ ಲೂರ್ದಿಗೆ ಹೋದ. ಹೊಟ್ಟೆಯ ಕ್ಷಯದಿಂದ ಸಾಯಲಿದ್ದಾಳೆ ಎಂದು ಅವನಿಗೆ ತೋರಿದ ಮರಿ ಬೈಯಿ ಅವನ ಕಣ್ಣೆದುರೇ ಚೇತರಿಸಿಕೊಂಡಳು. ಕರೆಲ್‌ಗೆ 1912ರಲ್ಲಿ ನೊಬೆಲ್ ಬಂತು. ನೊಬೆಲ್ ವಿಜೇತನೇ ಸಾಕ್ಷಿಯಾಗಿದ್ದರೂ ಮರಿ ಬೈಯಿಯ ಗುಣವನ್ನು ಪವಾಡವೆಂದು ಒಪ್ಪಲಿಲ್ಲ. ಲೂರ್ದನ್ನು ಗೌರವಿಸಲು ಇದೊಂದೇ ಸಂಗತಿ ಸಾಕು.

ಹಾಗಾದರೆ ಗುಣವಾಗದೆ ಮರಳುವ ಲಕ್ಷಾಂತರ ಜನರ ಮೇಲೆ ದೇವರ ಕೃಪೆ ಇಲ್ಲವೇ? ಈ ಪ್ರಶ್ನೆಗೆ ಕ್ರೈಸ್ತ ನಂಬಿಕೆ ಕೊಡುವ ಉತ್ತರ ಊಟೆ ತೋಡಿದ ಹುಡುಗಿಯ ಬಾಳಿನಲ್ಲೇ ಇದೆ. 1866ರಲ್ಲಿ ಬರ್ನಡೆಟ್ ನೆವೆರ್ ಊರಿನ ಕನ್ಯಾಮಠ ಸೇರಿ ರೋಗಿಗಳ ಆರೈಕೆಗೆ ನಿಂತಳು. ಮತ್ತೆ ಲೂರ್ದಿಗೆ ಕಾಲಿಡಲಿಲ್ಲ. ಉಬ್ಬಸ ಹೋಗಲಿಲ್ಲ, ಮಂಡಿಗೆ ಮೂಳೆಕ್ಷಯ ತಗುಲಿತು. 1879ರಲ್ಲಿ, 35ನೇ ವಯಸ್ಸಿಗೆ, ಬಹಳ ನೋವುಂಡು ತೀರಿಕೊಂಡಳು. 1933ರಲ್ಲಿ ಚರ್ಚು ಅವಳನ್ನು ಸಂತಳೆಂದು ಘೋಷಿಸಿದ್ದು ಅವಳ ತಾಳ್ಮೆ, ಪ್ರಾರ್ಥನೆಗಳನ್ನು ನೋಡಿ. ದರ್ಶನ ಕಂಡಳೆಂಬ ಒಂದೇ ಕಾರಣಕ್ಕಲ್ಲ. ಸಂತ ಪೌಲನೂ ತನ್ನ ಮೈಯ ಮುಳ್ಳನ್ನು ತೆಗೆದುಬಿಡೆಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಅದನ್ನು ಹೊರುವ ಬಲ ಸಿಕ್ಕಿತು ಎಂದು ಕೊರಿಂಥದವರಿಗೆ ಬರೆದ. ದೇವರು ಕಾಯುತ್ತಾನೆ ಎಂದರೆ ಕಷ್ಟವೇ ಬಾರದು ಎಂದಲ್ಲ. ಕಷ್ಟದೊಳಗೂ, ಸಾವಿನಾಚೆಗೂ ಅವನು ಕೈಬಿಡುವುದಿಲ್ಲ ಎಂಬುದೇ ರಕ್ಷಣೆಯ ತಿರುಳು.

ಕರ್ನಾಟಕದ ಹಲವು ಕಥೋಲಿಕ ಚರ್ಚುಗಳ ಅಂಗಳದಲ್ಲಿ ಕಲ್ಲು ಜೋಡಿಸಿ ಕಟ್ಟಿದ ಗ್ರೊಟ್ಟೊ ಕಾಣುತ್ತದೆ. ಅದು ಮಸಬಿಯೆಲ್‌ನದೇ ಪ್ರತಿರೂಪ: ಬಿಳಿ ಉಡುಪಿನ ಮೇರಿ ಮಾತೆ, ನೀಲಿ ನಡುಪಟ್ಟಿ, ಪಾದಗಳ ಮೇಲೆ ಹಳದಿ ಗುಲಾಬಿ. ಫೆಬ್ರುವರಿ 11ನ್ನು 1993ರಿಂದ ವಿಶ್ವ ರೋಗಿಗಳ ದಿನವಾಗಿ ಕಥೋಲಿಕರು ಆಚರಿಸುತ್ತಾರೆ. ಅಂದು ಎಷ್ಟೋ ಕಡೆ ರೋಗಿಗಳಿಗೆ ಅಭ್ಯಂಗ ಸಂಸ್ಕಾರ ನಡೆಯುತ್ತದೆ. ಪಾದ್ರಿ ರೋಗಿಯ ಹಣೆಗೂ ಅಂಗೈಗಳಿಗೂ ಪವಿತ್ರ ತೈಲ ಹಚ್ಚುತ್ತಾರೆ. ಹಿಂದೆ ಇದನ್ನು ಸಾಯುವ ಹೊತ್ತಿನ ಸಂಸ್ಕಾರವೆಂದೇ ಜನ ಹೆದರುತ್ತಿದ್ದರು. 1972ರಲ್ಲಿ ವಿಧಿಯನ್ನು ಪರಿಷ್ಕರಿಸಿದ ಮೇಲೆ ದೊಡ್ಡ ಶಸ್ತ್ರಚಿಕಿತ್ಸೆಗೆ ಹೊರಟವರೂ, ನಿತ್ರಾಣರಾದ ವೃದ್ಧರೂ ಪಡೆಯುತ್ತಾರೆ. ಕಾಯಿಲೆ ಮರುಕಳಿಸಿದರೆ ಮತ್ತೊಮ್ಮೆ ಪಡೆಯಬಹುದು. ಇದಕ್ಕಾಗಿ ಆಸ್ಪತ್ರೆಯ ಔಷಧ ನಿಲ್ಲಿಸಬೇಕಾಗಿಲ್ಲ.